ಗಾಳಿಗೆ ಎದುರಾಗಿ ಹರಿಯುವ ಕಡಲು

ಡಿಸೆಂಬರ್ ತಿಂಗಳಲ್ಲಿ ಕಾರವಾರ, ಹೊನ್ನಾವರದಾಚೆಯ ಅರಬ್ಬೀ ಸಮುದ್ರದ ಮೇಲೆ ಗಾಳಿ ಉತ್ತರದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಕೆಳಗಿನ ನೀರು ಮಾತ್ರ ಆ ಗಾಳಿಗೆ ಎದುರಾಗಿ ಉತ್ತರಕ್ಕೇ ಹರಿಯುತ್ತದೆ. ಮುಂಗಾರಿನಲ್ಲಿ ಇದೇ ಪ್ರವಾಹ ದಕ್ಷಿಣಕ್ಕೆ ತಿರುಗಿರುತ್ತದೆ. ಗಾಳಿ ನೀರನ್ನು ತಳ್ಳುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ಸಾಲದು. ಸಾಗರ ಪ್ರವಾಹಗಳ ಶಾಸ್ತ್ರ ಬೆಳೆದದ್ದೇ ಆ ಕೊರತೆ ತುಂಬುತ್ತಾ.

ಮುಂಗಾರು ಗಾಳಿಯನ್ನು ನೆಚ್ಚಿ ಹಡಗು ನಡೆಸುವುದು ಒಂದನೇ ಶತಮಾನದ ಗ್ರೀಕ್ ವರ್ತಕರಿಗೂ ಗೊತ್ತಿತ್ತು. 1686ರಲ್ಲಿ ಎಡ್ಮಂಡ್ ಹ್ಯಾಲಿ ಈ ಗಾಳಿಗಳ ನಕ್ಷೆ ಬರೆದ. ಆದರೆ ನೀರಿನ ಗಣಿತಕ್ಕೆ ಬುನಾದಿ ಬಿದ್ದದ್ದು ಹಿಮದ ನಾಡಿನಲ್ಲಿ. ತೇಲುವ ಮಂಜುಗಡ್ಡೆ ಗಾಳಿಯ ದಿಕ್ಕಿಗಿಂತ ಬಲಕ್ಕೆ ಸರಿಯುವುದನ್ನು ಧ್ರುವ ಯಾತ್ರಿಕ ನಾನ್ಸೆನ್ ಗಮನಿಸಿದ್ದರು. ಅದಕ್ಕೆ ಭೂಮಿಯ ತಿರುಗುವಿಕೆಯೇ ಕಾರಣವೆಂದು 1905ರಲ್ಲಿ ಸಾಗರ ವಿಜ್ಞಾನಿ ಎಕ್ಮನ್ ಗಣಿತದಿಂದ ತೋರಿಸಿದರು. ಇದೇ ನಿಯಮದಂತೆ ಮುಂಗಾರಿನಲ್ಲಿ ನಮ್ಮ ಕರಾವಳಿಯ ಗುಂಟ ದಕ್ಷಿಣಕ್ಕೆ ಬೀಸುವ ಗಾಳಿ ಮೇಲ್ನೀರನ್ನು ಬಲಕ್ಕೆ, ಅಂದರೆ ದಡದಿಂದ ಆಚೆಗೆ ಸರಿಸುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ. ಬೂತಾಯಿ, ಬಂಗುಡೆಗಳ ಮೇವು ಹುಲುಸಾಗುವುದಕ್ಕೂ, ತಳದ ಮೀನು ಉಸಿರಿಗಾಗಿ ಜಾಗ ಬಿಡುವುದಕ್ಕೂ ಮೂಲ ಇದೇ ನೀರು.

1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆ ಈ ಕಡಲನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ಅಳೆಯಿತು. ಅದರ ಫಲವಾಗಿಯೇ 1966ರಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು, ಗೋವಾದಲ್ಲಿ ನೆಲೆಯೂರಿತು. ಆ ಸಂಸ್ಥೆಯ ಸತೀಶ್ ಶೆಟ್ಯೆ ಮತ್ತು ಸಂಗಡಿಗರು 1987ರ ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಉಷ್ಣತೆ, ಉಪ್ಪಿನಂಶ ಅಳೆದರು. ಮೇಲಿನ ನೀರು ದಕ್ಷಿಣಕ್ಕೆ ಹೋಗುವಾಗ ಅದರಡಿಯಲ್ಲಿ ಇನ್ನೊಂದು ಹರಿವು ಉತ್ತರಕ್ಕೆ ನುಸುಳುವ ಸುಳಿವು ಸಿಕ್ಕಿತು. ಮುಂದಿನ ಚಳಿಗಾಲದ ಅಳತೆ ಗಾಳಿಗೆ ಎದುರಾದ ಪ್ರವಾಹವನ್ನು ಸ್ಪಷ್ಟಪಡಿಸಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಇದೇ.

ನೀರು ಗಾಳಿಗೆ ಎದುರಾಗಿ ಹರಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಂಗಾಳ ಕೊಲ್ಲಿಯಲ್ಲಿ. ಅಲ್ಲಿನ ಗಾಳಿ ಎಬ್ಬಿಸಿದ, ಕೆಲ್ವಿನ್ ಅಲೆಗಳೆಂಬ ನೀಳ ಅಲೆಗಳು ದಡವನ್ನು ಬಲಕ್ಕಿಟ್ಟುಕೊಂಡು ಸಾಗಿ, ಶ್ರೀಲಂಕಾ ಬಳಸಿ, ನಮ್ಮ ಕಡೆಗೆ ಬಂದು ಇಲ್ಲಿನ ಪ್ರವಾಹವನ್ನು ನಡೆಸುತ್ತವೆ. 1990ರ ದಶಕದ ಗಣಕ ಮಾದರಿಗಳು ಇದನ್ನು ಗಟ್ಟಿಗೊಳಿಸಿದವು. 2002ರಲ್ಲಿ ವಿಜ್ಞಾನಿಗಳಾದ ಶಂಕರ್, ವಿನಯಚಂದ್ರನ್, ಉನ್ನಿಕೃಷ್ಣನ್ ಇಡೀ ಉತ್ತರ ಹಿಂದೂ ಮಹಾಸಾಗರದ ಮಾನ್ಸೂನ್ ಪ್ರವಾಹಗಳನ್ನು ಒಂದೇ ಚಿತ್ರದಲ್ಲಿ ಹಿಡಿದಿಟ್ಟರು.

ಕಡಲಿಂದ ದೂರದ ದಾವಣಗೆರೆಯ ಶಾಮನೂರಿನವರಿಗೆ ಇದೆಲ್ಲ ಯಾಕೆ ಬೇಕು ಎನ್ನಬೇಡಿ. ಹರಿಹರದ ಸೇತುವೆಯಡಿ ಹರಿಯುವ ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಬೀಳುತ್ತಾಳೆ. ಗಂಗಾ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣೆಯರ ಸಿಹಿನೀರು ಬೆರೆತು ಉಪ್ಪು ತಗ್ಗಿದ ಕೊಲ್ಲಿಯ ನೀರನ್ನು ಹಿಂಗಾರಿನ ಪ್ರವಾಹ ಪೂರ್ವ ಕರಾವಳಿಯ ಗುಂಟ ಇಳಿಸಿ, ಪಶ್ಚಿಮಕ್ಕೆ ತಿರುಗಿಸಿ, ಕೇರಳ, ಕರ್ನಾಟಕದ ದಡದ ಕಡೆಗೆ ತರುತ್ತದೆ. ಪಶ್ಚಿಮ ಘಟ್ಟದ ಮಳೆನೀರಿನ ಒಂದು ಪಾಲು ಪರ್ಯಾಯ ದ್ವೀಪವನ್ನೇ ಸುತ್ತಿ ತಾನು ಹೊರಟ ಘಟ್ಟದ ಇನ್ನೊಂದು ಮಗ್ಗುಲಿಗೆ ಬರುವ ದಾರಿ ಇದು.

ಈಗ ಉಪಗ್ರಹಗಳು ಕಡಲ ಮಟ್ಟ ನೋಡುತ್ತವೆ. ಗೋವಾ, ಕೊಲ್ಲಂ ಮುಂತಾದ ಕಡೆ ಕಡಲಾಳದಲ್ಲಿ ಲಂಗರು ಹಾಕಿ ಕೂರಿಸಿದ ಮಾಪಕಗಳು ವರ್ಷಗಟ್ಟಲೆ ಹರಿವಿನ ವೇಗ ಬರೆದಿಡುತ್ತವೆ. ಹಡಗಿಗೆ ಸಿಗುವುದು ತಾನು ಹೋದ ದಿನದ ನೋಟ ಮಾತ್ರ. ಮಾಪಕಕ್ಕೆ ಋತುವಿನ ಒಳಗಿನ ಏರಿಳಿತವೂ ಸಿಗುತ್ತದೆ. ಭೌತಶಾಸ್ತ್ರ, ಗಣಿತ ಓದುವ ದಾವಣಗೆರೆಯ ಮಕ್ಕಳಿಗೆ ಮೇಷ್ಟ್ರುಗಳು ಈ ದಾರಿಯನ್ನೂ ತೋರಿಸಲಿ. ಸಾಗರ ವಿಜ್ಞಾನ ಕಲಿಯಲು ಕರಾವಳಿಯಲ್ಲೇ ಹುಟ್ಟಬೇಕಿಲ್ಲ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅದಕ್ಕೆ ವಿಭಾಗವಿದೆ.