ಕಂಪನಿ ಬೇರೆ, ಸಂಖ್ಯೆ ಅದೇ

ನಿಮ್ಮ ಮೊಬೈಲ್ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳನ್ನು ಒಮ್ಮೆ ಗಮನಿಸಿ. 2010ಕ್ಕೆ ಮೊದಲು ಕರ್ನಾಟಕದಲ್ಲಿ ಮೊಬೈಲ್ ಬಳಸುತ್ತಿದ್ದವರಿಗೆ 9448 ಎಂದರೆ ಬಿ.ಎಸ್.ಎನ್.ಎಲ್., 9845 ಎಂದರೆ ಏರ್‌ಟೆಲ್ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಆ ಲೆಕ್ಕ ನಡೆಯುವುದಿಲ್ಲ. 9448ರಿಂದ ಆರಂಭವಾಗುವ ಸಂಖ್ಯೆ ಜಿಯೋ ಜಾಲದಲ್ಲಿರಬಹುದು, 9845ರ ಸಂಖ್ಯೆ ಬಿ.ಎಸ್.ಎನ್.ಎಲ್.ಗೆ ಬಂದಿರಬಹುದು. ಸಂಖ್ಯೆಗೂ ಕಂಪನಿಗೂ ಬಿದ್ದಿದ್ದ ಗಂಟನ್ನು ಬಿಡಿಸಿದ ಈ ಏರ್ಪಾಡಿನ ಹೆಸರು ಮೊಬೈಲ್ ನಂಬರ್ ಪೋರ್ಟಬಿಲಿಟಿ. ಗಂಟು ಬಿದ್ದದ್ದು ಹೇಗೆ, ಬಿಡಿಸಲು ಇಷ್ಟು ಕಾಲ ಏಕೆ ಬೇಕಾಯಿತು ಎಂಬುದು ಸ್ವಾರಸ್ಯದ ಕಥೆ.

ಅದು ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ಆಲ್ಮನ್ ಸ್ಟ್ರೋಜರ್ ಎಂಬ ವ್ಯಾಪಾರಿಯಿಂದ ಆರಂಭವಾಗುತ್ತದೆ. ಆಗ ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರ್ ಕೈಯಿಂದಲೇ ತಂತಿ ಜೋಡಿಸಿ ಕರೆಯನ್ನು ಮುಟ್ಟಿಸಬೇಕಿತ್ತು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ತನ್ನ ಪ್ರತಿಸ್ಪರ್ಧಿಯ ಕಡೆ ತಿರುಗಿಸುತ್ತಿದ್ದಾಳೆ ಎಂಬ ಗುಮಾನಿ ಸ್ಟ್ರೋಜರನಿಗೆ ಬಂತಂತೆ. ಆಪರೇಟರೇ ಬೇಡವಾಗುವ ಸ್ವಯಂಚಾಲಿತ ಸ್ವಿಚ್ಚನ್ನು ಅವನು ರೂಪಿಸಿದ. 1891ರಲ್ಲಿ ಪೇಟೆಂಟ್ ದೊರೆಯಿತು, 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಇಂಥ ಮೊದಲ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. ಗುಮಾನಿಯ ಕಥೆಗೆ ಎಷ್ಟು ಉಪ್ಪು ಖಾರ ಸೇರಿದೆಯೋ, ಆದರೆ ಅದರೊಳಗಿನ ಪ್ರಶ್ನೆ ಹಳೆಯದಾಗಿಲ್ಲ: ನಿಮ್ಮ ಕರೆ ಎತ್ತ ಹೋಗಬೇಕೆಂದು ತೀರ್ಮಾನಿಸುವವರು ಯಾರು?

ಸ್ಟ್ರೋಜರನ ಯಂತ್ರದಲ್ಲಿ ಸಂಖ್ಯೆ ಎಂದರೆ ದಾರಿಯ ವರ್ಣನೆ. ಡಯಲಿನಲ್ಲಿ 4 ತಿರುಗಿಸಿದರೆ ತಂತಿಯಲ್ಲಿ ನಾಲ್ಕು ಸ್ಪಂದನಗಳು ಹರಿದು ಸ್ವಿಚ್ಚಿನ ತೋಳು ನಾಲ್ಕು ಹಂತ ಮೇಲೇರುತ್ತಿತ್ತು. ಮುಂದಿನ ಅಂಕಿ ಮುಂದಿನ ತಿರುವು. ಎಲ್ಲ ಅಂಕಿ ಮುಗಿಯುವಾಗ ತೋಳು ನಿಮ್ಮ ಮನೆಯ ತಂತಿಯ ಮೇಲೆ ಬಂದು ನಿಲ್ಲುತ್ತಿತ್ತು. ಆದ್ದರಿಂದ ಬೇರೆ ಬಡಾವಣೆಗೆ ಮನೆ ಬದಲಿಸಿದರೆ ಸಂಖ್ಯೆಯೂ ಬದಲಾಗಬೇಕಿತ್ತು. ಇದು ಯಾರ ಕುತಂತ್ರವೂ ಅಲ್ಲ, ಲೋಹದ ತೋಳಿನ ಸ್ವಭಾವ. ಆದರೆ ತೋಳು ಹೋಗಿ ಕಂಪ್ಯೂಟರ್ ಬಂದ ಮೇಲೂ ಈ ಪದ್ಧತಿ ಹಾಗೆಯೇ ಉಳಿಯಿತು. ಮೊಬೈಲಿನಲ್ಲಿ ತಂತಿಯೂ ಇಲ್ಲ, ಬಡಾವಣೆಯೂ ಇಲ್ಲ. ಆದರೂ ಸಂಖ್ಯೆಗಳನ್ನು ಕಂಪನಿಗಳಿಗೆ ಸಾಲುಸಾಲಾಗಿ ಹಂಚಿದ್ದರಿಂದ ಮೊದಲ ಅಂಕಿಗಳು ಕಂಪನಿಯ ವಿಳಾಸವಾದವು.

ಈ ವಿಳಾಸವನ್ನು ಹೆಸರಾಗಿ ಮಾರ್ಪಡಿಸುವ ಉಪಾಯ ಅಮೆರಿಕದ ಶುಲ್ಕರಹಿತ 800 ಸಂಖ್ಯೆಗಳಲ್ಲಿ ಸಿಕ್ಕಿತು. ಅಲ್ಲಿ ಕರೆ ಬಂದೊಡನೆ ಯಂತ್ರ ನೇರವಾಗಿ ದಾರಿ ಹಿಡಿಯುವುದಿಲ್ಲ. ಮೊದಲು ಒಂದು ದತ್ತಾಂಶ ಕೋಶವನ್ನು ವಿಚಾರಿಸಿ, ಈ ಸಂಖ್ಯೆ ಸದ್ಯ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. 1993ರ ಮೇ ತಿಂಗಳಿಂದ ಈ 800 ಸಂಖ್ಯೆಗಳನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವುದು ಸಾಧ್ಯವಾಯಿತು. 1996ರ ಅಮೆರಿಕದ ದೂರಸಂಪರ್ಕ ಕಾಯ್ದೆ ಸಾಮಾನ್ಯ ದೂರವಾಣಿಗೂ ಇದನ್ನು ಕಡ್ಡಾಯ ಮಾಡಿತು. ಮೊಬೈಲಿನಲ್ಲಿ ಸಿಂಗಪುರ 1997ರಲ್ಲಿ ಒಂದು ಬಗೆಯ ವರ್ಗಾವಣೆಯನ್ನು ತಂದಿತು. 1999ರಲ್ಲಿ ಹಾಂಗ್‌ಕಾಂಗ್ ಮತ್ತು ಬ್ರಿಟನ್ ಸೇರಿಕೊಂಡವು. ಅಮೆರಿಕದ ಮೊಬೈಲ್ ಕಂಪನಿಗಳು ಮಾತ್ರ ಗಡುವನ್ನು ಮತ್ತೆ ಮತ್ತೆ ಮುಂದೂಡಿಸಿ, ನ್ಯಾಯಾಲಯದಲ್ಲಿ ಸೋತು, 2003ರ ನವೆಂಬರ್ 24ರಂದು ಒಪ್ಪಿಕೊಂಡವು. ಹತ್ತು ವರ್ಷ ಹಳೆಯ ಉಪಾಯ ತಾಂತ್ರಿಕವಾಗಿ ಕಷ್ಟ ಎಂದರೆ ನಂಬುವವರು ಯಾರು!

ಕರೆಯ ದಾರಿ

ಸಂಖ್ಯೆ ಕಂಪನಿ ಬದಲಿಸಿದ ಮೇಲೆ ಕರೆಯನ್ನು ಮುಟ್ಟಿಸುವ ಎರಡು ಮುಖ್ಯ ವಿಧಾನಗಳನ್ನು ಅಂಚೆಗೆ ಹೋಲಿಸಿ ನೋಡಿ. ನೀವು ಹಾಸನದಿಂದ ಧಾರವಾಡಕ್ಕೆ ಮನೆ ಬದಲಿಸಿದ್ದೀರಿ. ಪತ್ರ ಮೊದಲು ಹಾಸನಕ್ಕೇ ಹೋಗಿ, ಅಲ್ಲಿನ ಅಂಚೆಯಣ್ಣ ಹೊಸ ವಿಳಾಸ ಬರೆದು ಧಾರವಾಡಕ್ಕೆ ರವಾನಿಸುವುದು ಒಂದು ವಿಧಾನ. ಬ್ರಿಟನ್ ಆರಿಸಿಕೊಂಡದ್ದು ಇದನ್ನು. ಪತ್ರ ಹಾಕುವ ಊರಿನಲ್ಲಿಯೇ ಪಟ್ಟಿ ನೋಡಿ ನೇರವಾಗಿ ಧಾರವಾಡಕ್ಕೆ ಕಳುಹಿಸುವುದು ಇನ್ನೊಂದು. ಭಾರತದಲ್ಲಿರುವುದು ಇದು. ನೀವು ಕರೆ ಮಾಡಿದಾಗ ನಿಮ್ಮ ಕಂಪನಿಯ ಯಂತ್ರ ತನ್ನಲ್ಲಿರುವ ಪಟ್ಟಿಯನ್ನು ನೋಡಿ, ಸಂಖ್ಯೆಯ ಮುಂದೆ ಒಂದು ಮಾರ್ಗಸಂಕೇತವನ್ನು ಅಂಟಿಸಿ ಕರೆಯನ್ನು ಕಳುಹಿಸುತ್ತದೆ. ಮೊದಲ ವಿಧಾನದಲ್ಲಿ ನೀವು ಬಿಟ್ಟುಬಂದ ಕಂಪನಿಯ ಹಂಗು ಎಂದಿಗೂ ತೀರುವುದಿಲ್ಲ. ಅದರ ಯಂತ್ರ ಕೆಟ್ಟರೆ ನಿಮ್ಮ ಕರೆಯೂ ಕೆಟ್ಟಿತು.

ದಾರಿಗಿಂತಲೂ ಮುಖ್ಯವಾದದ್ದು ಅನುಮತಿ. ಬ್ರಿಟನ್ನಿನಲ್ಲಿ ಹೊರಡುವ ಗ್ರಾಹಕ ಹಳೆಯ ಕಂಪನಿಗೇ ಕರೆ ಮಾಡಿ ಸಂಕೇತವೊಂದನ್ನು ಕೇಳಿ ಪಡೆಯಬೇಕಿತ್ತು. ಕೇಳಿದವರಿಗೆ ಸಂಕೇತದ ಬದಲು ಹೊಸ ಹೊಸ ಆಮಿಷಗಳು ದೊರೆಯುತ್ತಿದ್ದವು. ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2007ರಲ್ಲಿ, ವರ್ಗಾವಣೆ ಎರಡು ಗಂಟೆಗಳಲ್ಲಿ, ಅದೂ ಹೊಸ ಕಂಪನಿಯ ಮೂಲಕವೇ ಆಗಬೇಕೆಂದು ಆದೇಶಿಸಿತು. ವೊಡಾಫೋನ್ ಮೇಲ್ಮನವಿ ಸಲ್ಲಿಸಿತು. 2008ರಲ್ಲಿ ನ್ಯಾಯಮಂಡಳಿ ಆದೇಶವನ್ನು ರದ್ದುಪಡಿಸಿತು. ಒಂದು ಎಸ್ಸೆಮ್ಮೆಸ್ ಕಳುಹಿಸಿ ಸಂಕೇತ ಪಡೆಯುವ ಸೌಲಭ್ಯ ಬ್ರಿಟಿಷರಿಗೆ ಸಿಕ್ಕಿದ್ದು 2019ರ ಜುಲೈ 1ರಂದು. ಇತ್ತ ಆಸ್ಟ್ರೇಲಿಯದಲ್ಲಿ 2001ರಲ್ಲಿಯೇ ಹೊಸ ಕಂಪನಿಯ ಮೂಲಕ ಹೆಚ್ಚಿನ ಸಂಖ್ಯೆಗಳು ಕೆಲವೇ ಗಂಟೆಗಳಲ್ಲಿ ವರ್ಗವಾಗುತ್ತಿದ್ದವು.

ನಮ್ಮಲ್ಲಿ

ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಂಬರ್ ಪೋರ್ಟಬಿಲಿಟಿಯನ್ನು ಶಿಫಾರಸು ಮಾಡಿದ್ದು 2006ರಲ್ಲಿ. ನಿಯಮಗಳು ಬಂದದ್ದು 2009ರಲ್ಲಿ. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಮೊದಲಾಗಿ, 2011ರ ಜನವರಿ 20ರಂದು ದೇಶದಾದ್ಯಂತ ಜಾರಿಗೆ ಬಂತು. ದೇಶವನ್ನು ಎರಡು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಮೊಬೈಲ್ ಕಂಪನಿಗಳಿಂದ ಹೊರತಾದ ಮಧ್ಯಸ್ಥ ಸಂಸ್ಥೆಯೊಂದಕ್ಕೆ ಪರವಾನಗಿ ನೀಡಲಾಯಿತು. ಕರ್ನಾಟಕ ಎರಡನೆಯ ವಲಯಕ್ಕೆ ಸೇರಿದೆ. ಆಗ ಸಂಖ್ಯೆಯನ್ನು ತನ್ನ ಸೇವಾ ವೃತ್ತದೊಳಗೆ ಮಾತ್ರ ಒಯ್ಯಬಹುದಿತ್ತು. ಬೆಂಗಳೂರಿನಿಂದ ಮುಂಬಯಿಗೆ ಕೆಲಸಕ್ಕೆ ಹೋದವರು ಕರ್ನಾಟಕದ ಸಂಖ್ಯೆಯನ್ನು ಮುಂಬಯಿಯ ಕಂಪನಿಗೆ ವರ್ಗಾಯಿಸಲು 2015ರ ಜುಲೈ 3ರವರೆಗೆ ಕಾಯಬೇಕಾಯಿತು.

1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಿದರೆ ಎಂಟು ಅಕ್ಷರಾಂಕಿಗಳ ಯು.ಪಿ.ಸಿ. ಎಂಬ ಸಂಕೇತ ಬರುವುದನ್ನು ನೀವು ಬಲ್ಲಿರಿ. ಮೊದಲ ಸುಮಾರು ಒಂಬತ್ತು ವರ್ಷಗಳಲ್ಲಿ ಈ ಸಂಕೇತವನ್ನು ತಯಾರಿಸಿ ಕೊಡುತ್ತಿದ್ದುದು ನೀವು ಬಿಟ್ಟು ಹೋಗಬೇಕೆಂದಿದ್ದ ಕಂಪನಿಯೇ! ಸಂಕೇತ ಸುಲಭವಾಗಿ ಸಿಗುತ್ತಿತ್ತು. ತೊಡಕು ಬರುತ್ತಿದ್ದುದು ಆಮೇಲೆ. ನೀವು ಹೊಸ ಅಂಗಡಿಗೆ ಹೋಗಿ, ದಾಖಲೆ ಕೊಟ್ಟು, ದಿನಗಟ್ಟಲೆ ಕಾದ ಬಳಿಕ, ಬಾಕಿ ಇದೆ ಎಂದೋ ಸಂಕೇತ ತಾಳೆಯಾಗುವುದಿಲ್ಲ ಎಂದೋ ಕೋರಿಕೆ ತಿರಸ್ಕೃತವಾಗಬಹುದಿತ್ತು. ಒಲ್ಲದ ಅತ್ತೆಯ ಕೈಯಲ್ಲಿ ತವರಿಗೆ ಹೋಗುವ ಅಪ್ಪಣೆ ಇದ್ದಂತೆ.

ಈ ವ್ಯವಸ್ಥೆಯ ಬುಡ ಅಲುಗಾಡಿದ್ದು ಕಂಪನಿಗಳು ಮುಚ್ಚತೊಡಗಿದಾಗ. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಡಿಸೆಂಬರಿನಲ್ಲಿ ಧ್ವನಿಕರೆಯ ಸೇವೆ ನಿಲ್ಲಿಸಿತು. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು. ಆ ಕಂಪನಿ ಬಲವಾಗಿದ್ದ ತಮಿಳುನಾಡಿನಲ್ಲಿ ಗೋಪುರಗಳು ಮೂಕವಾಗಿದ್ದವು. ಈಗ ಯೋಚಿಸಿ: ಬಿಟ್ಟು ಹೋಗಲು ಎಸ್ಸೆಮ್ಮೆಸ್ ಕಳುಹಿಸಬೇಕು, ಕಳುಹಿಸಲು ಅದೇ ಕಂಪನಿಯ ಸಿಗ್ನಲ್ ಬೇಕು, ಸಿಗ್ನಲ್ ಇಲ್ಲದ್ದರಿಂದಲೇ ಬಿಟ್ಟು ಹೋಗಬೇಕಾಗಿದೆ. ಬ್ಯಾಂಕು, ಅಡುಗೆ ಅನಿಲ, ಆಧಾರ್ ಎಲ್ಲದಕ್ಕೂ ಆ ಸಂಖ್ಯೆಯನ್ನೇ ಕೊಟ್ಟವರ ಪಾಡನ್ನು ಊಹಿಸಿಕೊಳ್ಳಿ. ಟ್ರಾಯ್ ಮಧ್ಯೆ ಪ್ರವೇಶಿಸಿ ಸಂಕೇತ ದೊರೆಯುವಂತೆ ಬೇರೆ ಏರ್ಪಾಡು ಮಾಡಿಸಬೇಕಾಯಿತು.

2018ರ ಡಿಸೆಂಬರಿನಲ್ಲಿ ಪ್ರಕಟವಾಗಿ 2019ರ ಡಿಸೆಂಬರ್ 16ರಿಂದ ಜಾರಿಯಾದ ಏಳನೆಯ ತಿದ್ದುಪಡಿ ಈ ಕಥೆಯ ನಿಜವಾದ ತಿರುವು. ಸಂಕೇತವನ್ನು ತಯಾರಿಸುವ ಕೆಲಸ ಹಳೆಯ ಕಂಪನಿಯಿಂದ ಮಧ್ಯಸ್ಥ ಸಂಸ್ಥೆಗೆ ಹೋಯಿತು. ನಿಮ್ಮ ಎಸ್ಸೆಮ್ಮೆಸ್ ಬಂದೊಡನೆ ಅದು ಹಳೆಯ ಕಂಪನಿಯನ್ನು ವಿಚಾರಿಸುತ್ತದೆ: ಬಿಲ್ ಬಾಕಿ ಇದೆಯೆ, ಈ ಜಾಲಕ್ಕೆ ಬಂದು 90 ದಿನ ಆಗಿದೆಯೆ, ನ್ಯಾಯಾಲಯದ ತಡೆ ಇದೆಯೆ? ಅಡ್ಡಿ ಇಲ್ಲದಿದ್ದರೆ ಮಾತ್ರ ಸಂಕೇತ ಬರುತ್ತದೆ. ಪರೀಕ್ಷೆ ಕೊನೆಯಿಂದ ಮೊದಲಿಗೆ ಬಂತು. ಆರಂಭದಲ್ಲಿ ಏಳು ಕೆಲಸದ ದಿನಗಳ ಕೆಲಸವಾಗಿದ್ದುದು ವೃತ್ತದೊಳಗೆ ಮೂರು, ವೃತ್ತದಾಚೆಗೆ ಐದು ಕೆಲಸದ ದಿನಗಳಿಗೆ ಇಳಿಯಿತು. 19 ರೂಪಾಯಿ ಇದ್ದ ವರ್ಗಾವಣೆ ಶುಲ್ಕ 6.46 ರೂಪಾಯಿಗೆ ಇಳಿಯಿತು. ಯಾವ ಹೊಸ ಯಂತ್ರವನ್ನೂ ಯಾರೂ ಕಂಡುಹಿಡಿಯಲಿಲ್ಲ, ಕೀಲಿಕೈ ಬೇರೆಯವರ ಕೈಗೆ ಹೋಯಿತು, ಅಷ್ಟೆ. ಹೊರಡುವವರು ಬೇಗ ನಿರ್ಧರಿಸಬೇಕು ಎಂಬುದೂ ಇದರಲ್ಲಿದೆ. ಹೆಚ್ಚಿನ ರಾಜ್ಯಗಳಲ್ಲಿ ಸಂಕೇತದ ಆಯುಸ್ಸು 15 ದಿನಗಳಿಂದ 4 ದಿನಗಳಿಗೆ ಇಳಿದಿದೆ. ಹಳ್ಳಿಯಿಂದ ಪೇಟೆಗೆ ಬಂದು ಹೋಗುವವರಿಗೆ ಇದು ತುಸು ಬಿಗಿಯಾಯಿತು ಎನ್ನಿಸುತ್ತದೆ.

ಆದರೂ ಒಂದು ಕಿಂಡಿ ಉಳಿದಿತ್ತು. ಕಡಿಮೆ ದರದ ಕೆಲವು ರೀಚಾರ್ಜ್‌ಗಳಲ್ಲಿ ಎಸ್ಸೆಮ್ಮೆಸ್ ಸೌಲಭ್ಯವೇ ಇರಲಿಲ್ಲ. ಅಂದರೆ ಬಡ ಗ್ರಾಹಕರು ಹೊರಡಲು ಮೊದಲು ದುಬಾರಿ ರೀಚಾರ್ಜ್ ಮಾಡಿಸಬೇಕಿತ್ತು! ಯಾವ ದರದ ಗ್ರಾಹಕರೇ ಆಗಲಿ, 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಲು ಅವಕಾಶ ಕೊಡಲೇಬೇಕೆಂದು 2021ರ ಡಿಸೆಂಬರ್ 7ರಂದು ಟ್ರಾಯ್ ನಿರ್ದೇಶಿಸಿತು.

ವೇಗಕ್ಕೆ ಬೆಲೆಯೂ ಇದೆ. ಬ್ಯಾಂಕಿನ ಗುಪ್ತಸಂಖ್ಯೆಗಳು ಮೊಬೈಲಿಗೆ ಬರತೊಡಗಿದ ಮೇಲೆ ಸಂಖ್ಯೆಯನ್ನು ಕದ್ದವರಿಗೆ ಖಾತೆಯ ಬಾಗಿಲೂ ತೆರೆಯುತ್ತದೆ. ಗಂಟೆಗಳಲ್ಲಿ ವರ್ಗಾವಣೆ ಮಾಡುತ್ತಿದ್ದ ಆಸ್ಟ್ರೇಲಿಯ 2020ರಲ್ಲಿ, ವರ್ಗಾವಣೆಗೆ ಮೊದಲು ಗ್ರಾಹಕರ ಗುರುತನ್ನು ಹೆಚ್ಚುವರಿಯಾಗಿ ಪರಿಶೀಲಿಸುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ವಂಚಕರು ಸಿಮ್ ಕಳೆದಿದೆ ಎಂದು ಬೇರೊಬ್ಬರ ಹೆಸರಿನಲ್ಲಿ ಹೊಸ ಸಿಮ್ ಪಡೆದು, ಕೂಡಲೇ ಕಂಪನಿ ಬದಲಿಸಿಬಿಡುವ ಅಪಾಯವಿತ್ತು. 2024ರ ಜುಲೈ 1ರಿಂದ ಸಿಮ್ ಬದಲಿಸಿದ ಏಳು ದಿನಗಳವರೆಗೆ ಸಂಕೇತ ದೊರೆಯುವುದಿಲ್ಲ. ನಿಜವಾಗಿಯೂ ಸಿಮ್ ಕಳೆದುಕೊಂಡವರಿಗೆ ಇದು ತೊಂದರೆಯೇ ಸರಿ. ಆದರೆ ಈ ತಡ ಗ್ರಾಹಕರನ್ನು ಕಾಯುವುದಕ್ಕೆ, ಕಂಪನಿಯ ವ್ಯಾಪಾರವನ್ನು ಕಾಯುವುದಕ್ಕಲ್ಲ. ನೀವು ಕೋರದಿದ್ದರೂ ಯು.ಪಿ.ಸಿ. ಸಂಕೇತ ನಿಮ್ಮ ಮೊಬೈಲಿಗೆ ಬಂದರೆ ಯಾರಿಗೂ ತಿಳಿಸಬೇಡಿ. ವರ್ಗಾವಣೆಗೆ ಕೋರಿಕೆ ಕೊಟ್ಟು ಮನಸ್ಸು ಬದಲಾದರೆ 24 ಗಂಟೆಗಳೊಳಗೆ 1900ಕ್ಕೇ ಎಸ್ಸೆಮ್ಮೆಸ್ ಮಾಡಿ ಅದನ್ನು ರದ್ದುಪಡಿಸಬಹುದು.

2024ರ ಕೊನೆಯ ಹೊತ್ತಿಗೆ ದೇಶದಲ್ಲಿ ಸಲ್ಲಿಕೆಯಾದ ಒಟ್ಟು ವರ್ಗಾವಣೆ ಕೋರಿಕೆಗಳು ನೂರು ಕೋಟಿಯನ್ನು ದಾಟಿದ್ದವು. ಇಷ್ಟೆಲ್ಲ ಓಡಾಡಿದ ಮೇಲೂ ಸಂಖ್ಯೆ ತನ್ನ ಹುಟ್ಟೂರನ್ನು ಮರೆಯುವುದಿಲ್ಲ. ಕಂಪನಿ ಬದಲಿಸಿದ ಸಂಖ್ಯೆಯ ಬಳಕೆಯನ್ನು ನೀವು ಪೂರ್ತಿ ನಿಲ್ಲಿಸಿದರೆ, ನಿಗದಿತ ಅವಧಿಯ ನಂತರ ಅದು ಕೊನೆಯ ಕಂಪನಿಯಲ್ಲಿ ಉಳಿಯದೆ, ಮೊದಲು ಯಾರಿಗೆ ಹಂಚಿಕೆಯಾಗಿತ್ತೋ ಆ ಕಂಪನಿಗೆ ಮರಳುತ್ತದೆ. ಅಲ್ಲಿಂದ ಇನ್ನೊಬ್ಬ ಗ್ರಾಹಕರಿಗೆ ಹೋಗುತ್ತದೆ.