ಮ್ಯಾಗ್ನೆಟೊ: ಖಳನಿಗೆ ದೊರೆತ ಕುಲಮೂಲ

ಅಮೆರಿಕದ ‘ಎಕ್ಸ್-ಮೆನ್’ ಕಾಮಿಕ್ಸ್‌ನ ಖಳನಾಯಕ ಮ್ಯಾಗ್ನೆಟೊ 1963ರ ಮೊದಲ ಸಂಚಿಕೆಯಲ್ಲೇ ಕಾಣಿಸಿಕೊಂಡವನು. ಸೃಷ್ಟಿಕರ್ತರಾದ ಸ್ಟ್ಯಾನ್ ಲೀ, ಜ್ಯಾಕ್ ಕಿರ್ಬಿ ಇಬ್ಬರೂ ಯೆಹೂದಿ ವಲಸಿಗರ ಮಕ್ಕಳು, ಹುಟ್ಟುಹೆಸರು ಬದಲಿಸಿಕೊಂಡವರು. ಕಿರ್ಬಿಯಂತೂ ಎರಡನೇ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಕಾದಾಡಿದ ಸೈನಿಕ. ಆದರೂ ತಮ್ಮ ಖಳನಿಗೆ ಅವರು ಕುಲಗೋತ್ರ ನೀಡಲಿಲ್ಲ. ಆತ ಬರಿದೇ ಅಬ್ಬರಿಸುವ ದುಷ್ಟನಾಗಿದ್ದ.

ಅದನ್ನು ಬದಲಿಸಿದವರು ಲೇಖಕ ಕ್ರಿಸ್ ಕ್ಲೇರ್ಮಾಂಟ್. ಯೌವನದಲ್ಲಿ ಇಸ್ರೇಲಿನ ಸಾಮೂಹಿಕ ಕೃಷಿಗ್ರಾಮವೊಂದರಲ್ಲಿ ದುಡಿದಿದ್ದ ಅವರು, ನಾಜಿ ನರಮೇಧದಿಂದ ಬದುಕುಳಿದವರನ್ನು ಅಲ್ಲಿ ಕಂಡಿದ್ದರು. 1981ರ 150ನೇ ಸಂಚಿಕೆಯಲ್ಲಿ ಮ್ಯಾಗ್ನೆಟೊ ಯೆಹೂದಿ ಬಾಲಕಿ ಕಿಟ್ಟಿಯನ್ನು ಹೊಡೆದುರುಳಿಸಿ, ಸತ್ತಳೆಂದೇ ಬಗೆದು ಮರುಗುತ್ತಾನೆ. ಆಶ್‌ವಿಟ್ಸ್‌ನಲ್ಲಿ ತನ್ನವರನ್ನು ಕಳೆದುಕೊಂಡ ಬಾಲ್ಯ ಆಗ ಬಾಯಿಗೆ ಬರುತ್ತದೆ. ಕ್ರೌರ್ಯಕ್ಕೆ ಕ್ಷಮೆಯಲ್ಲ, ಕಾರಣ ದೊರೆಯಿತು. 1990ರ ದಶಕದಲ್ಲಿ ಆತನನ್ನು ಜಿಪ್ಸಿಯೆನ್ನುವ ಗೊಂದಲವೂ ನಡೆಯಿತು. ಆತ ಜರ್ಮನಿಯ ಯೆಹೂದಿಯೆಂದು ನಿಸ್ಸಂದಿಗ್ಧವಾಗಿ ಸಾರಿದ್ದು 2008ರಲ್ಲಿ ಆರಂಭಗೊಂಡ ‘ಮ್ಯಾಗ್ನೆಟೊ: ಟೆಸ್ಟಮೆಂಟ್’.