ಹೊಸ್ತಿಲು ದಾಟುವವರು ಯಾರು? ಹಿರಿಯರ ರಕ್ಷಣೆಯಲ್ಲಿ ಸಮಾಜ ಕಾರ್ಯಕರ್ತರ ಸ್ಥಾನ

2025ರ ಮಾರ್ಚ್ ತಿಂಗಳಲ್ಲಿ ಬೆಳಗಾವಿಯಿಂದ ಬಂದ ಸುದ್ದಿ ರಾಜ್ಯದ ಗಮನ ಸೆಳೆಯಿತು. ಅಲ್ಲಿನ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಒಂದರಲ್ಲೇ ಮಕ್ಕಳು ದಾಖಲಿಸಿ ಬಿಟ್ಟುಹೋದ ವೃದ್ಧರ ಪ್ರಕರಣಗಳು 150ನ್ನು ದಾಟಿದ್ದವು. ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಅಂಥ ಮಕ್ಕಳ ಹೆಸರಿಗೆ ಹೋದ ಆಸ್ತಿಯ ವರ್ಗಾವಣೆಯನ್ನೂ ಉಯಿಲನ್ನೂ ರದ್ದುಪಡಿಸುವ ಕ್ರಮಕ್ಕೆ ಮುಂದಾಗುವಂತೆ ಸೂಚಿಸಿದರು.

ಆ ಸಿಟ್ಟು ನ್ಯಾಯವಾದದ್ದು. ಆದರೆ ಉಯಿಲನ್ನು ಬರೆದವರು ಬದುಕಿರುವಷ್ಟು ಕಾಲ ತಾವೇ ಬದಲಾಯಿಸಬಹುದು. ಕೈತಪ್ಪುವುದು ದಾನಪತ್ರ ಬರೆದುಕೊಟ್ಟವರ ಮನೆ, ಜಮೀನು. ಅದನ್ನು ಮರಳಿ ಪಡೆಯಬೇಕಾದರೆ ವಾರ್ಡಿನ ಮಂಚದ ಮೇಲಿರುವ ತಾಯಿ ಎದ್ದು ಉಪವಿಭಾಗಾಧಿಕಾರಿಗಳ ಕಚೇರಿಯವರೆಗೆ ಹೋಗಬೇಕು, ಹೆತ್ತ ಮಗನ ಮೇಲೆ ಅರ್ಜಿ ಕೊಡಬೇಕು. ಮಂಚಕ್ಕೂ ಕಚೇರಿಗೂ ನಡುವಿನ ಆ ದಾರಿಯಲ್ಲಿ ಆಕೆಯ ಜೊತೆ ನಡೆಯುವವರು ಯಾರು? ಅದಕ್ಕೂ ಮೊದಲು, ಆಕೆಗೆ ಬೇಕಾಗಿರುವುದು ಏನೆಂದು ಕೇಳಿದವರು ಯಾರು? ನಮ್ಮ ಕಾನೂನು ಹಿರಿಯರ ಆಸ್ತಿ ಮತ್ತು ಜೀವನಾಂಶದ ಬಗ್ಗೆ ಸಾಕಷ್ಟು ಯೋಚಿಸಿದೆ. ಅವರ ಮನೆಯ ಹೊಸ್ತಿಲು ದಾಟಿ, ಅವರನ್ನು ಕಂಡು, ಅವರ ಮಾತು ಕೇಳುವ ತರಬೇತಾದ ಮನುಷ್ಯನಿಗೆ ಖಚಿತವಾದ ಜಾಗ ಕೊಟ್ಟಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಒಂದು ಪದದ ವಿಚಾರ. ಕನ್ನಡದಲ್ಲಿ ‘ಸಮಾಜ ಸೇವಕ’ ಎಂದರೆ ದಾನಧರ್ಮ ಮಾಡುವವರು, ಊರಿನ ಕೆಲಸಕ್ಕೆ ಓಡಾಡುವವರು. ‘ಸಮಾಜ ಕಾರ್ಯಕರ್ತ’ ಬೇರೆ. ಅದೊಂದು ಕಲಿತು ಮಾಡುವ ವೃತ್ತಿ. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ, ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಶಾಲೆ ದೇಶದಲ್ಲಿ ಅದಕ್ಕೆ ಬುನಾದಿ ಹಾಕಿತು. ಮಂಗಳೂರಿನ ರೋಶನಿ ನಿಲಯ 1960ರಿಂದ ಈ ಶಿಕ್ಷಣ ಕೊಡುತ್ತ ಬಂದಿದೆ. ಇಂದು ನಮ್ಮ ಹಲವು ವಿಶ್ವವಿದ್ಯಾಲಯಗಳಿಂದ ಎಂ.ಎಸ್.ಡಬ್ಲ್ಯು. ಮುಗಿಸಿದ ಯುವಕ ಯುವತಿಯರು ಪ್ರತಿ ವರ್ಷ ಹೊರಬರುತ್ತಾರೆ. ಕಲಿತವರು ಇದ್ದಾರೆ, ಹಿರಿಯರ ರಕ್ಷಣೆಯಲ್ಲಿ ಅವರಿಗೊಂದು ಕುರ್ಚಿ ಇಲ್ಲ.

ಕೆಲಸ ಎಷ್ಟಿದೆ ಎಂಬುದಕ್ಕೆ ಲೆಕ್ಕವಿದೆ. 2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ 9.5ರಷ್ಟು. 2017–18ರಲ್ಲಿ ನಡೆದ, ‘ಲಾಸಿ’ ಎಂದು ಹೆಸರಾದ ರಾಷ್ಟ್ರೀಯ ಅಧ್ಯಯನದಲ್ಲಿ ಹಿರಿಯರ ಪೈಕಿ ಸುಮಾರು ನೂರಕ್ಕೆ ಐವರು ಹಿಂದಿನ ಒಂದು ವರ್ಷದಲ್ಲಿ ತಮ್ಮನ್ನು ಕೆಟ್ಟದಾಗಿ ನಡೆಸಿಕೊಂಡಿದ್ದಾರೆಂದು ಹೇಳಿದರು. ಇದು ಬಾಯಿಬಿಟ್ಟು ಹೇಳಿದವರ ಲೆಕ್ಕ. ಮನೆಯ ಮಾನ ಬೀದಿಗೆ ಬಂದೀತೆಂದು ನುಂಗಿಕೊಂಡವರು ಇದರಲ್ಲಿ ಸೇರಿಲ್ಲ.

ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ನ್ಯಾಯಮಂಡಳಿಗೆ ಸಿಕ್ಕಿತು. ಅದರ ಮುಖ್ಯಸ್ಥರು ಉಪವಿಭಾಗಾಧಿಕಾರಿ. ಜನ ಅದನ್ನು ಎ.ಸಿ. ಕೋರ್ಟು ಎಂದೇ ಕರೆಯುತ್ತಾರೆ. 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಪಡೆದ ಆಸ್ತಿಯನ್ನು ನೋಡಿಕೊಳ್ಳದೆ ಹೋದರೆ ಕಳೆದುಕೊಳ್ಳಬೇಕಾಗುತ್ತದೆ. ಆದರೆ ಯಾವ ತಾಯಿ ಮಗನಿಗೆ ದಾನಪತ್ರ ಬರೆಯುವಾಗ ‘ಎರಡು ಹೊತ್ತು ಅನ್ನ ಹಾಕಬೇಕು’ ಎಂದು ಬರೆಸುತ್ತಾಳೆ? 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಂಥ ಷರತ್ತು ಇತ್ತೆಂಬುದು ಸ್ಥಾಪಿತವಾಗಬೇಕು ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಇದು ಹಿರಿಯರ ಹಿತಕ್ಕಾಗಿ ಬಂದ ಕಾನೂನು, ಉದಾರವಾಗಿ ಅರ್ಥೈಸಬೇಕು ಎಂದು ಹೇಳಿತು. ಎರಡೂ ಸಲ ಚರ್ಚೆ ನಡೆದದ್ದು ಪತ್ರದ ಮಾತುಗಳ ಸುತ್ತ.

ಕಾಗದ ಮಾತ್ರ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣವಿದೆ. ನಗರದ ಉತ್ತರ ಭಾಗದ ಬಡಾವಣೆಯೊಂದರ ಮನೆ. ಜಾಗ ಕೊಂಡಿದ್ದವನು ಗಂಡ. ಆತ ಅದನ್ನು ತಂದೆಗೆ ಮಾರಿದ, ತಂದೆ ತನ್ನ ಹೆಂಡತಿಗೆ ದಾನಪತ್ರ ಮಾಡಿದರು. ಇತ್ತ ದಾಂಪತ್ಯ ಮುರಿದಿತ್ತು. ಅತ್ತೆ ಮಾವ 2007ರ ಕಾಯ್ದೆಯಡಿ ಅರ್ಜಿ ಹಾಕಿದರು. ಉಪವಿಭಾಗಾಧಿಕಾರಿ ಸೊಸೆಗೆ ಮನೆ ಬಿಡಲು ಹೇಳಿದರು, ಜಿಲ್ಲಾಧಿಕಾರಿ ಎತ್ತಿಹಿಡಿದರು, ಹೈಕೋರ್ಟೂ ಹೌದೆಂದಿತು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ರದ್ದುಮಾಡಿತು. ಹಿರಿಯರ ಕಾಯ್ದೆಯನ್ನು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಟ್ಟ ವಾಸದ ಹಕ್ಕನ್ನು ಕಿತ್ತುಕೊಳ್ಳುವ ಸಾಧನವಾಗಿ ಬಳಸಲಾಗದು, ಎರಡನ್ನೂ ಹೊಂದಿಸಿ ಓದಬೇಕು ಎಂದಿತು. ಒಂದೇ ಸೂರಿನಡಿ ರಕ್ಷಣೆ ಕೋರುವವರು ಇಬ್ಬರಿದ್ದರು. ಇದನ್ನು ಕಾಣಲು ದೆಹಲಿಯವರೆಗೆ ಹೋಗಬೇಕಿರಲಿಲ್ಲ. ಆ ಮನೆಗೆ ಒಬ್ಬ ಸಮಾಜ ಕಾರ್ಯಕರ್ತೆ ಹೋಗಿ, ಎರಡು ಕಡೆಯ ಮಾತನ್ನೂ ಪ್ರತ್ಯೇಕವಾಗಿ ಕೇಳಿ ವರದಿ ಕೊಡುವ ಪದ್ಧತಿ ಇದ್ದಿದ್ದರೆ ಮೊದಲ ಆದೇಶವೇ ಬೇರೆಯಾಗಬಹುದಿತ್ತು.

ಕಾಯ್ದೆಯಲ್ಲಿ ಅವಕಾಶ ಇಲ್ಲವೆಂದಲ್ಲ. ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬಹುದು. ವಿಚಾರಣೆಗೆ ಮೊದಲು ಅರ್ಜಿಯನ್ನು ಸಂಧಾನಾಧಿಕಾರಿಗೆ ಒಪ್ಪಿಸಬಹುದು. ಆತ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿಯೂ ಆಗಬಹುದು. ಆದರೆ ಎಲ್ಲವೂ ‘ಬಹುದು’. ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ನಿಯಮಗಳಲ್ಲಿ ಒಂದು ಸಾಲು ಗಮನಿಸುವಂಥದ್ದು. ಒಂಟಿಯಾಗಿರುವ ಹಿರಿಯರ ಪಟ್ಟಿ ಪೊಲೀಸ್ ಠಾಣೆಯಲ್ಲಿರಬೇಕು, ತಿಂಗಳಿಗೊಮ್ಮೆಯಾದರೂ ಠಾಣೆಯ ಸಿಬ್ಬಂದಿ ಅವರನ್ನು ಭೇಟಿಯಾಗಬೇಕು, ಜೊತೆಗೆ ‘ಸಾಧ್ಯವಾದ ಮಟ್ಟಿಗೆ’ ಒಬ್ಬ ಸಮಾಜ ಕಾರ್ಯಕರ್ತ ಅಥವಾ ಸ್ವಯಂಸೇವಕ ಇರಬೇಕು. ಮಕ್ಕಳ ವಿಷಯದಲ್ಲಿ ಹೀಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕದಲ್ಲೇ ಇಬ್ಬರು ಸಮಾಜ ಕಾರ್ಯಕರ್ತರು ಸದಸ್ಯರಾಗಿ ಕೂರುತ್ತಾರೆ. ಮಗುವಿನ ಹಿನ್ನೆಲೆ ತಿಳಿಸುವ ಸಾಮಾಜಿಕ ತನಿಖಾ ವರದಿ ಕಡತದಲ್ಲಿರಬೇಕು. ಮಗುವಿಗೆ ಪೀಠದ ಮೇಲೆಯೇ ಇರುವವನು ಮುದುಕನಿಗೆ ‘ಸಾಧ್ಯವಾದ ಮಟ್ಟಿಗೆ’ ಮಾತ್ರ.

ಹಿರಿಯರ ಬಗ್ಗೆ ಅಂಥ ವರದಿ ಬರೆಯಲು ನಡೆಯುವ ಮನೆಭೇಟಿ ಹೇಗಿರುತ್ತದೆ? ಕಾರ್ಯಕರ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರೆ ಮೊದಲು ಮಾತಾಡುವವರು ಸಾಮಾನ್ಯವಾಗಿ ಮನೆಯವರೇ. “ಅಜ್ಜಿಗೆ ನಾವೇನೂ ಕಡಿಮೆ ಮಾಡಿಲ್ಲ ಮೇಡಂ.” ಆಕೆ ತಲೆಯಾಡಿಸುತ್ತಲೇ ಅಜ್ಜಿಯ ಚಾಪೆ ಎಲ್ಲಿ ಹಾಸಿದೆ ಎಂದು ನೋಡುತ್ತಾಳೆ. ಬಿ.ಪಿ. ಮಾತ್ರೆಯ ಹಾಳೆಯಲ್ಲಿ ಎಷ್ಟು ಗುಳಿ ಖಾಲಿ, ಔಷಧಿ ಅಂಗಡಿಯ ಚೀಟಿಯಲ್ಲಿ ಯಾವ ತಾರೀಖು; ಎರಡೂ ತಾಳೆಯಾಗುತ್ತವೆಯೇ. ಉಗುರು ಕತ್ತರಿಸಿ ಎಷ್ಟು ದಿನವಾಯಿತು. ಕನ್ನಡಕದ ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದಾರೆಯೇ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಏನಾದರೂ ಇದೆಯೇ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಬಂದಾಗ ಪಾಸ್‌ಬುಕ್ ಯಾರ ಬೀರುವಿನಲ್ಲಿರುತ್ತದೆ. ಇಷ್ಟು ನೋಡಿದ ಮೇಲೆ, “ಅಜ್ಜೀ, ನಿಮ್ಮ ಹಿತ್ತಲಲ್ಲಿ ಮಲ್ಲಿಗೆ ಬಿಟ್ಟಿದೆಯಂತೆ, ತೋರಿಸಿ ಬನ್ನಿ” ಎಂದು ಕೈಹಿಡಿದು ಹೊರಗೆ ಕರೆದೊಯ್ಯುತ್ತಾಳೆ. ನಿಜವಾದ ಭೇಟಿ ಶುರುವಾಗುವುದು ಆ ಹಿತ್ತಲಿನಲ್ಲಿ.

ಅಲ್ಲಿ ಕೇಳಿಬರುವ ಮಾತು ಅನೇಕ ಸಲ ಕಾನೂನು ನಿರೀಕ್ಷಿಸುವ ಮಾತಲ್ಲ. “ನನ್ನ ಮಗನ್ನ ಸ್ಟೇಷನ್ನಿಗೆ ಕರೆಸಬೇಡಮ್ಮ. ಹೊತ್ತಿಗೆ ಸರಿಯಾಗಿ ತಟ್ಟೆ ಹಾಕಲಿ, ನನ್ನ ಪಾಸ್‌ಬುಕ್ ನನ್ನ ಕೈಗೆ ಕೊಡಲಿ.” ಮಗನನ್ನು ಜೈಲಿಗೆ ಕಳಿಸುವುದು ಆಕೆಯ ಗೆಲುವಲ್ಲ. ಕಾಯ್ದೆಯ 24ನೇ ಕಲಂ ತಂದೆತಾಯಿಯನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಇಲ್ಲವೇ 5,000 ರೂಪಾಯಿವರೆಗೆ ದಂಡ ಹೇಳುತ್ತದೆ. ಪಾಸ್‌ಬುಕ್ ಮರಳಿ ಕೊಡಿಸುವುದು ಹೇಗೆಂದು ಹೇಳುವುದಿಲ್ಲ. ಕೆಲವು ಮನೆಗಳಲ್ಲಿ ತಪ್ಪಿತಸ್ಥರೇ ಇರುವುದಿಲ್ಲ. ಮರೆವಿನ ಕಾಯಿಲೆಯ ಅತ್ತೆ ರಾತ್ರಿಯಿಡೀ ಬಾಗಿಲು ಬಡಿಯುತ್ತಾರೆ, ಮೂರು ವರ್ಷದಿಂದ ನಿದ್ದೆ ಕಾಣದ ಸೊಸೆ ಒಂದು ದಿನ ಕೈಯೆತ್ತುತ್ತಾಳೆ. ಅಲ್ಲಿ ಬೇಕಾದದ್ದು ಹಗಲು ಆರೈಕೆ ಕೇಂದ್ರ, ವೈದ್ಯರ ಸಲಹೆ, ವಾರಕ್ಕೆ ಎರಡು ದಿನವಾದರೂ ಆ ಸೊಸೆಗೆ ಬಿಡುವು. ದೌರ್ಜನ್ಯ ಯಾವುದು, ದಣಿವು ಯಾವುದು ಎಂದು ತೂಗಿ ಹೇಳುವುದು ಕಲಿತು ಬರುವ ವಿದ್ಯೆ.

ಇಂಗ್ಲೆಂಡು ಈ ಕೆಲಸವನ್ನು ಕಾನೂನಿನ ಕರ್ತವ್ಯವನ್ನಾಗಿ ಮಾಡಿಕೊಂಡಿದೆ. 2015ರ ಏಪ್ರಿಲಿನಲ್ಲಿ ಜಾರಿಗೆ ಬಂದ ಅಲ್ಲಿನ ಆರೈಕೆ ಕಾಯ್ದೆಯ 42ನೇ ಕಲಮಿನಂತೆ, ಆರೈಕೆಯ ಅಗತ್ಯವಿರುವ ವಯಸ್ಕರೊಬ್ಬರು ದೌರ್ಜನ್ಯ ಅಥವಾ ನಿರ್ಲಕ್ಷ್ಯಕ್ಕೆ ಸಿಕ್ಕಿದ್ದಾರೆ, ತಮ್ಮನ್ನು ತಾವು ಕಾಪಾಡಿಕೊಳ್ಳಲಾರರು ಎಂಬ ಸಂಶಯಕ್ಕೆ ಕಾರಣ ಕಂಡರೆ ಸ್ಥಳೀಯ ಆಡಳಿತ ವಿಚಾರಿಸಲೇಬೇಕು. ಅವರು ಬಂದು ದೂರು ಕೊಡಲಿ ಎಂದು ಕಾಯುವಂತಿಲ್ಲ. ಆ ವಿಚಾರಣೆಯಲ್ಲಿ ಹೆಚ್ಚಿನ ಹೊಣೆ ಸಮಾಜ ಕಾರ್ಯಕರ್ತರದು. ಅದರ ಜೊತೆಗೇ 2005ರ ಇನ್ನೊಂದು ಕಾಯ್ದೆ, ಒಬ್ಬರ ನಿರ್ಧಾರ ಅವಿವೇಕದ್ದೆಂದು ತೋರಿದ ಮಾತ್ರಕ್ಕೆ ಅವರಿಗೆ ನಿರ್ಧರಿಸುವ ಶಕ್ತಿಯೇ ಇಲ್ಲವೆಂದು ತಿಳಿಯಬಾರದು ಎನ್ನುತ್ತದೆ. ಹಿತ್ತಲಿನ ಅಜ್ಜಿಯ ಮಾತಿಗೆ ಅಲ್ಲಿ ಕಾನೂನಿನ ಬೆಂಬಲವಿದೆ.

ಹಾಗೆಂದು ಅಲ್ಲಿ ಎಲ್ಲ ಸರಿಯಿದೆ ಎನ್ನಲಾಗದು. ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ಅಂಗವೈಕಲ್ಯವಿದ್ದ ವಯಸ್ಕರನ್ನು ಸಿಬ್ಬಂದಿ ಹೊಡೆದು ಹಿಂಸಿಸುತ್ತಿದ್ದುದನ್ನು 2011ರ ಮೇ 31ರಂದು ಬಿಬಿಸಿಯ ಪನೋರಮಾ ಕಾರ್ಯಕ್ರಮ ಗುಪ್ತ ಕ್ಯಾಮೆರಾದ ಚಿತ್ರಗಳೊಂದಿಗೆ ತೋರಿಸಿತು. ಹನ್ನೊಂದು ಜನರಿಗೆ ಶಿಕ್ಷೆಯಾಯಿತು, ಆರು ಮಂದಿ ಜೈಲು ಸೇರಿದರು. ಮುಂದೆ ನಡೆದ ಪರಿಶೀಲನೆಯಲ್ಲಿ ಗೊತ್ತಾದದ್ದು ಇನ್ನೂ ನೋವಿನ ಸಂಗತಿ: ಟಿವಿಯವರು ಬರುವ ಮುಂಚೆಯೇ ಸ್ಥಳೀಯ ಆಡಳಿತಕ್ಕೆ ಆ ಆಸ್ಪತ್ರೆಯ ಬಗ್ಗೆ 40 ಎಚ್ಚರಿಕೆಗಳು ಬಂದಿದ್ದವು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿ ಮುಗಿಸಲಾಗಿತ್ತು. ನಲವತ್ತನ್ನೂ ಒಂದೇ ದಾರಕ್ಕೆ ಪೋಣಿಸಿದವರಿರಲಿಲ್ಲ. ಕಾರ್ಯಕರ್ತರನ್ನು ನೇಮಿಸಿದರೆ ಸಾಲದು, ಅವರ ವರದಿಗಳನ್ನು ಒಟ್ಟಿಗೆ ಓದುವವರೂ ಬೇಕು.

ನಮ್ಮಲ್ಲಿ ಇಂಥ ವೃತ್ತಿಗೆ ಗಟ್ಟಿ ನೆಲೆ ಸಿಕ್ಕಿರುವ ಕ್ಷೇತ್ರ ಮಾನಸಿಕ ಆರೋಗ್ಯದ್ದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಆಶ್ರಮವೊಂದರಲ್ಲಿ ಬೆಂಕಿ ಬಿದ್ದಾಗ ಸರಪಳಿಯಿಂದ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾಗದೆ ಸತ್ತರು. ಸತ್ತವರು 28 ಜನ. ಅದರ ನೆನಪು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಹಿಂದಿದೆ; ಸರಪಳಿ ಕಟ್ಟುವುದನ್ನು ಅದು ನೇರವಾಗಿ ನಿಷೇಧಿಸುತ್ತದೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಎಂದರೆ ಯಾರು, ಎಷ್ಟು ಓದಿರಬೇಕು ಎಂದು ಅದೇ ಕಾಯ್ದೆ ಬರೆದಿಟ್ಟಿದೆ: ಸ್ನಾತಕೋತ್ತರ ಪದವಿ, ಮೇಲೆ ಎರಡು ವರ್ಷದ ಎಂ.ಫಿಲ್. ತರಬೇತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ವೈದ್ಯರು ಮಾತ್ರೆ ಬರೆದ ಮೇಲೆ ರೋಗಿಯ ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು, ಅಂಗವಿಕಲರ ಪ್ರಮಾಣಪತ್ರಕ್ಕೆ ದಾರಿ ತೋರಿಸುವುದು, ಊರಿಗೆ ಮರಳಿದವರ ಬೆನ್ನಿಗೆ ನಿಲ್ಲುವುದು ಅಲ್ಲಿ ದಿನನಿತ್ಯದ ಕೆಲಸ. ಮನೋರೋಗಿಗೆ ಸಿಕ್ಕ ಈ ವ್ಯಾಖ್ಯೆಯ ಬಲ ಹಿರಿಯರ ಕಾಯ್ದೆಗೆ ಯಾಕೆ ಬರಬಾರದು?

ಬುನಾದಿ ಹಾಕಿದವರು ಇಲ್ಲೂ ಇದ್ದಾರೆ. ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 2002ರಲ್ಲಿ ಹಿರಿಯರ ಸಹಾಯವಾಣಿ 1090 ಶುರುಮಾಡಿದರು. ಕಾಯ್ದೆಗಿಂತ ಐದು ವರ್ಷ ಮೊದಲು. 2021ರ ಅಕ್ಟೋಬರ್ 1ರಿಂದ ದೇಶಕ್ಕೆಲ್ಲ 14567 ಸಂಖ್ಯೆಯ ಎಲ್ಡರ್‌ಲೈನ್ ಬಂದಿದೆ. ಫೋನಿಗೆ ಉತ್ತರಿಸುವವರಿದ್ದಾರೆ, ಆದರೆ ಫೋನು ಮಾಡಲು ಅಜ್ಜಿಯ ಕೈಯಲ್ಲಿ ಮೊಬೈಲ್ ಇರಬೇಕು, ಅದಕ್ಕೆ ಕರೆನ್ಸಿ ಹಾಕಿಸುವವನು ಅದೇ ಮಗ. ಹಳ್ಳಿಗಳಲ್ಲಿ ಅಂಗವಿಕಲರ ಮನೆಗಳಿಗೆ ಓಡಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಕಾರ್ಯಕರ್ತರು ಇದ್ದಾರೆ. ಅವರಲ್ಲಿ ಹಲವರು ಸ್ವತಃ ಅಂಗವಿಕಲರು. ಸಿಗುವುದು ಗೌರವಧನ, ಸಂಬಳವಲ್ಲ. ಯಾವ ಮನೆಯಲ್ಲಿ ಯಾರು ಮಂಚ ಹಿಡಿದಿದ್ದಾರೆಂದು ಪಂಚಾಯಿತಿಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

2007ರ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಜೀವನಾಂಶದ ಮಿತಿ ತೆಗೆಯುವುದು, ಪ್ರತಿ ಠಾಣೆಯಲ್ಲಿ ಹಿರಿಯರಿಗಾಗಿ ಒಬ್ಬ ಅಧಿಕಾರಿಯನ್ನು ಗುರುತಿಸುವುದು ಅದರಲ್ಲಿತ್ತು. 17ನೇ ಲೋಕಸಭೆಯ ಅವಧಿಯೊಂದಿಗೆ ಅದೂ ಮುಗಿಯಿತು. ಮುಂದೆ ಮಸೂದೆ ಬಂದರೆ ಅದರಲ್ಲಿ ಬರಬೇಕಾದ ಮೊದಲ ಅಂಶ ಚಿಕ್ಕದು: ನ್ಯಾಯಮಂಡಳಿಗೆ ಬರುವ ಪ್ರತಿ ಅರ್ಜಿಗೂ, ಆಸ್ಪತ್ರೆಯಲ್ಲಿ ಬಿಟ್ಟುಹೋದ ಪ್ರತಿ ಹಿರಿಯರಿಗೂ ಅರ್ಹ ಸಮಾಜ ಕಾರ್ಯಕರ್ತರ ಮನೆಭೇಟಿ ವರದಿ ಕಡ್ಡಾಯ, ಆ ವರದಿಯಲ್ಲಿ, ಮನೆಯವರಿಲ್ಲದಾಗ ಹಿರಿಯರು ಹೇಳಿದ ಮಾತು ಅವರದೇ ನುಡಿಯಲ್ಲಿ ಇರಬೇಕು. ಇದಕ್ಕೆ ರಾಜ್ಯ ಸರ್ಕಾರ ಸಂಸತ್ತಿನ ದಾರಿ ಕಾಯಬೇಕಾಗಿಲ್ಲ. ಕಾಯ್ದೆಯಡಿ ನಿಯಮ ಮಾಡುವ ಅಧಿಕಾರ ರಾಜ್ಯಕ್ಕೇ ಇದೆ. ತಾಲ್ಲೂಕಿಗೊಂದು ಹುದ್ದೆ ಮಂಜೂರಾದರೆ, ಬೆಳಗಾವಿಯ ವಾರ್ಡಿನಲ್ಲಿ ದಾಖಲೆಗೆ ಕೊಟ್ಟ ಮೊಬೈಲ್ ಸ್ವಿಚ್ ಆಫ್ ಆದ ದಿನವೇ ಆ ವಿಳಾಸದ ಊರಿಗೆ ಬಸ್ಸು ಹತ್ತುವ ಒಬ್ಬರಿರುತ್ತಾರೆ.